ಮಿಸ್ ನಾರ್ಡಿಯಾ, ಹಿಡೀರಿ!

ಫೆಬ್ರವರಿ 10, ಸೋಮವಾರ

ಅದಕ್ಕೇ ನಾನು ಮೊದಲಿನಿಂದಲೂ ಹೇಳುತ್ತಾ ಬಂದದ್ದು, ನಾರ್ಡಿಯಾ ಫೇಸಿ ಅವರಿಗೆ ಆಗಿರುವುದು ಶುದ್ಧ ಅನ್ಯಾಯ ಅಂತ. ನಾಲ್ಕು ರಿಲೇ ಪದಕ ಇವೆ ಅವರ ಹತ್ತಿರ. ಒಂದೂ ಫೈನಲ್ ಓಡಿ ಬಂದದ್ದಲ್ಲ. ನಾಲ್ಕು ಸಲವೂ ಬೆಳಗಿನ ಹೀಟ್ಸ್‌ನಲ್ಲಿ ಓಡಿ ಜಮೈಕಾವನ್ನು ಫೈನಲ್‌ಗೆ ದಾಟಿಸಿದವರು ಅವರು. ಸಂಜೆ ದೀಪದ ಕೆಳಗೆ ಓಡಿ, ಬಾವುಟ ಹೊದ್ದುಕೊಂಡು ಅತ್ತವರು ಬೇರೆಯವರು. ಹೀಟ್ಸ್ ಓಡಿದವರಿಗೂ ಪದಕ ಕೊಡುತ್ತಾರೆ, ನಿಜ. ಆದರೆ ವೇದಿಕೆ ಹತ್ತಿಸುವುದಿಲ್ಲ. ಇದು ಸರಿಯಾ? ಅಲ್ಲವೇ ಅಲ್ಲ.

ಇದನ್ನೆಲ್ಲ ನಮ್ಮ ಅಭಿಮಾನಿ ಗುಂಪಿನಲ್ಲಿ ಹಾಕಬೇಕಿತ್ತು. ಆಗುವುದಿಲ್ಲ. ಯಾಕೆ ಅಂದರೆ ಇವತ್ತು ಬೆಳಿಗ್ಗೆ ಸ್ಪ್ಯಾನಿಷ್ ಟೌನ್‌ನ ನಮ್ಮ ಹುಲ್ಲಿನ ಮೈದಾನಕ್ಕೆ ಅವರೇ ಬಂದರು! ನಮ್ಮ ಕ್ಲಬ್ಬಿಗೆ! ಓಟದ ಸ್ಪೈಕ್ಸ್ ಶೂ ಹಾಕಿದ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು, ಅಂಗಡಿಗೆ ಬ್ರೆಡ್ ತರಲು ಹೊರಟವರ ಹಾಗೆ ನಡೆದು ಬಂದರು. ನಾನು ಅರ್ಧ ತಿಂದ ಪ್ಯಾಟಿಯನ್ನು ಜೇಬಿಗೇ ಹಾಕಿಕೊಂಡೆ. ಜೇಬು ಈಗಲೂ ಎಣ್ಣೆ ಎಣ್ಣೆ.

ಕೋಚ್ ಮಿನಾಟ್ ಎಲ್ಲರನ್ನೂ ಕರೆದು, "ಇವಳ ವಿಷ್ಯ ಫೋನಲ್ಲಿ ಒಂದಕ್ಷರ ಹೊರಗೆ ಹೋದ್ರೂ, ಹಾಕಿದವರು ನಾಳೆಯಿಂದ ಮನೇಲಿ ಗೆಣಸು ಸುಲೀತಾ ಕೂತ್ಕೋಬಹುದು" ಅಂದರು. ಹೇಳುವಾಗ ನನ್ನನ್ನೇ ನೋಡಿದರು. ಗುಂಪಿನ ಅಡ್ಮಿನ್ ನಾನೇ ಅಂತ ಅವರಿಗೆ ಹೇಗೆ ಗೊತ್ತು? ಹಾಗಾಗಿ ಈ ಹಳೆಯ ನೋಟ್‌ಬುಕ್ಕೇ ಗತಿ. ಗುಂಪಿನಲ್ಲಿ ಬರೆದ ಹಾಗೇ ಬರೆಯುತ್ತೇನೆ, ಓದುವವರಿಲ್ಲ ಅಷ್ಟೇ.

ವಿಷಯ ಇಷ್ಟು. ಏಪ್ರಿಲ್ ಕೊನೆಗೆ ಕಿಂಗ್‌ಸ್ಟನ್‌ನಲ್ಲಿ ರಿಲೇ ಕೂಟ. ಹೊರದೇಶದ ದೊಡ್ಡ ಕೂಟಕ್ಕೆ ದೇಶದ ತಂಡ ಆರಿಸುವವರು ಅಲ್ಲಿ ಕೂತು ನೋಡುತ್ತಾರೆ, ಆರು ಜನರನ್ನು ಆರಿಸುತ್ತಾರೆ. ನಾರ್ಡಿಯಾ ಫೇಸಿ ಅವರಿಗೆ ಈಗ ಮೂವತ್ತನಾಲ್ಕು ವರ್ಷ. ಈ ವರ್ಷ ತಪ್ಪಿದರೆ ಇನ್ನಿಲ್ಲ. ನಮ್ಮ ನಾಲ್ಕು ಜನರ ತಂಡದಲ್ಲಿ ಮೊದಲು ಅಬಿಗೇಲ್, ಆಮೇಲೆ ಕ್ರಿಸಾನ್, ಮೂರನೆಯವಳು ನಾನು, ಕೊನೆಗೆ ಅವರು. ಅಂದರೆ ನಾರ್ಡಿಯಾ ಫೇಸಿ ಅವರ ಕೈಗೆ ಬ್ಯಾಟನ್ ಕೊಡುವವಳು ಈ ಟಮೋಯಾ ಪಿನ್ನಾಕ್!! ನಾನು ಬೀಳಿಸಿದರೆ ಅವರ ಕಥೆ ಅಲ್ಲಿಗೆ ಮುಗಿಯಿತು.

ಫೆಬ್ರವರಿ 11

ನಾಚಿಕೆ, ನಾಚಿಕೆ, ನಾಚಿಕೆ.

ಬ್ಯಾಟನ್ ತೆಗೆದುಕೊಳ್ಳುವವರು ಹಿಂದೆ ತಿರುಗಿ ನೋಡುವುದಿಲ್ಲ. ಮುಂದೆ ನೋಡಿಕೊಂಡೇ ಓಡುತ್ತಾರೆ. ಹಿಂದಿನಿಂದ ಬರುವವಳು "ಹಿಡಿ!" ಅಂತ ಕೂಗಿದಾಗ ಮಾತ್ರ ಅವರ ಕೈ ಹಿಂದಕ್ಕೆ ಬರುತ್ತದೆ. ಒಂದೇ ಪದ. ಶಾಲೆಯ ದಿನದಿಂದ ಸಾವಿರ ಸಲ ಕೂಗಿದ್ದೇನೆ. ಇವತ್ತು ಅವರ ಬೆನ್ನು ಹತ್ತಿರ ಬಂತು, ಬಾಯಿ ತೆರೆದೆ, ಹೊರಗೆ ಬಂದದ್ದು ಇದು:

"ಮಿಸ್ ನಾರ್ಡಿಯಾ, ಹಿಡೀರಿ!"

ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವರು ಬ್ಯಾಟನ್ ಕೊಡುವ ಜಾಗದ ಕೊನೆಯ ಗೆರೆ ದಾಟಿ ಹೋಗಿಯಾಗಿತ್ತು. ಗೆರೆ ದಾಟಿದ ಮೇಲೆ ಕೊಟ್ಟರೆ ತಂಡವೇ ಹೊರಗೆ. ಕ್ರಿಸಾನ್ ಹುಲ್ಲಿನ ಮೇಲೆ ಬಿದ್ದು ಹೊರಳಾಡಿ ನಕ್ಕಳು.

"ಜೊತೆಗೆ ಒಂದ್ ಲೋಟ ಲಿಂಬೆ ಪಾನಕಾನೂ ಕೊಡೇ! ತಟ್ಟೇಲಿಟ್ಟು ಕೊಡು!"

ಅವರು ಮಾತ್ರ ನಗಲಿಲ್ಲ. ತಿರುಗಿ ಬಂದು, "ಹೆಸರೇನಮ್ಮ ನಿಂದು?" ಅಂದರು.

"ಟಮೋಯಾ, ಮಿಸ್."

"ಟಮೋಯಾ, ಆ ಗೆರೆ ಹತ್ರ ಬಂದಾಗ ನಾನು ಮಿಸ್ಸೂ ಅಲ್ಲ, ನಾರ್ಡಿಯಾನೂ ಅಲ್ಲ. ಒಂದು ಕೈ ಅಷ್ಟೆ. ಕೈಗೆ ಯಾರಾದ್ರೂ ಮರ್ಯಾದೆ ಕೊಡ್ತಾರಾ?"

"ಇಲ್ಲ, ಮಿಸ್."

"ನೋಡು, ಮತ್ತೆ."

ಆರು ಸಲ ಮಾಡಿದೆವು. ಆರು ಸಲವೂ ಮಿಸ್.

ಫೆಬ್ರವರಿ 13

ಇವತ್ತು "ಹಿಡೀರಿ" ಮಾತ್ರ ಬಂತು, ಮಿಸ್ ಬರಲಿಲ್ಲ. ಸುಧಾರಣೆ. ಬ್ಯಾಟನ್ ಕೋಲು ಬಿತ್ತು, ಅದು ಬೇರೆ ವಿಷಯ.

ಫೆಬ್ರವರಿ 16, ಭಾನುವಾರ

ಚರ್ಚಿನಿಂದ ಬಂದ ಮೇಲೆ ಹಿತ್ತಲಿನ ಆಕೀ ಮರದ ಮುಂದೆ ನಿಂತು ಅಭ್ಯಾಸ ಮಾಡಿದೆ. ಮರವನ್ನೇ ಅವರು ಅಂದುಕೊಂಡು ಓಡಿಬಂದು, "ನಾರ್ಡಿಯಾ, ಹಿಡಿ! ಹಿಡಿ!" ಅಂತ. ಮೂರನೆಯ ಸಲಕ್ಕೆ ಅಜ್ಜಿ ಚಪ್ಪಲಿ ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು.

"ಯಾರನ್ನ ಹಾಗೆ ಕೂಗ್ತಿದೀಯ?"

"ಯಾರೂ ಇಲ್ಲ ಅಜ್ಜಿ. ಮರ."

"ಮರಕ್ಕೆ ನಾರ್ಡಿಯಾ ಅಂತ ಯಾವಾಗ ಹೆಸರಿಟ್ಟೆ? ಆ ಫೇಸಿ ಹುಡುಗಿನಾ? ಅವಳು ನಿನ್ನ ವಾರಗೆಯವಳಾ? ನಿನ್ನ ಜೊತೆ ಗೋಲಿ ಆಡಿದ್ಳಾ?"

"ಇಲ್ಲ ಅಜ್ಜಿ, ಓಡೋವಾಗ ಹಾಗೇ ಕೂಗ್ಬೇಕು. ಕೋಚೇ ಹೇಳಿದಾರೆ."

"ಕೋಚ್ ನಿನ್ನ ಸಾಕಿದ್ನಾ? ದೊಡ್ಡವರ ಹೆಸರಿಗೆ ಹಿಡಿ ಹಾಕಿ ಎತ್ತು ಅಂತ ಎಷ್ಟು ಸಲ ಹೇಳಿದೀನಿ?"

ಹಿಡಿ ಅಂದರೆ ಮಿಸ್, ಮಿಸ್ಟರ್, ಆಂಟಿ, ಬ್ರದರ್, ಸಿಸ್ಟರ್. ನಮ್ಮೂರು ಲಿನ್‌ಸ್ಟೆಡ್‌ನಲ್ಲಿ ಹಿಡಿ ಇಲ್ಲದ ಹೆಸರು ನಾಯಿಗೆ ಮಾತ್ರ. ಏಳು ವರ್ಷದವಳಿದ್ದಾಗ ಅಂಗಡಿಯವಳಿಗೆ ಗುಡ್ ಮಾರ್ನಿಂಗ್ ಹೇಳದೆ ಸಕ್ಕರೆ ಕೇಳಿದೆ ಅಂತ ಗೇಟಿನ ತನಕ ವಾಪಸ್ ಕಳಿಸಿ, ಮತ್ತೆ ಹೊಸದಾಗಿ ಬರುವ ಹಾಗೆ ಮಾಡಿದ್ದಳು ಅಜ್ಜಿ. ಸಾಲಿನಲ್ಲಿ ನಿಂತವರೆಲ್ಲ ತಲೆ ಆಡಿಸಿದ್ದರು. ಅಂಥ ಬಾಯಿ ಇದು. ಇದನ್ನು ಹುಲ್ಲಿನ ಮೇಲೆ ಎರಡು ತಿಂಗಳಲ್ಲಿ ಬಿಚ್ಚಲು ಆಗುತ್ತದಾ?

ಮಾರ್ಚ್ 2, ಭಾನುವಾರ

ನಂಬಲು ಆಗುತ್ತಿಲ್ಲ, ಅವರು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು! ನಾನು ಕರೆಯಲಿಲ್ಲ. ಶುಕ್ರವಾರ ಮತ್ತೆ ಕೋಲು ಬಿದ್ದಾಗ "ನಿಮ್ಮಜ್ಜಿನ ನಾನೇ ನೋಡ್ಬೇಕು" ಅಂದಿದ್ದರು. ತಮಾಷೆ ಅಂದುಕೊಂಡಿದ್ದೆ. ಇವತ್ತು ಟ್ಯಾಕ್ಸಿಯಿಂದ ಇಳಿದು, ಗೇಟಿನ ಹೊರಗೇ ನಿಂತು, "ಗುಡ್ ಆಫ್ಟರ್‌ನೂನ್, ಮಿಸ್ ಪರ್ಲೀನ್" ಅಂದರು. ಅಷ್ಟೇ, ಅಜ್ಜಿ ಕರಗಿಹೋದಳು. ಕೋಳಿಯ ಕಾಲಿನ ತುಂಡು ಅವರಿಗೆ, ಕತ್ತು ನನಗೆ.

ಅನ್ನ, ಬೀನ್ಸ್ ಎರಡನೆಯ ಸಲ ಬಡಿಸಿಕೊಂಡ ಮೇಲೆ ಅವರು ವಿಷಯಕ್ಕೆ ಬಂದರು.

"ಮಿಸ್ ಪರ್ಲೀನ್, ನಿಮ್ ಮೊಮ್ಮಗಳು ನಂಗೆ ಮರ್ಯಾದೆ ಕೊಟ್ಟು ಕೊಟ್ಟು ಸೋಲಿಸ್ತಿದಾಳೆ."

"ಮರ್ಯಾದೆ ಕೊಟ್ರೆ ಯಾರಾದ್ರೂ ಸೋಲ್ತಾರೇನಮ್ಮ?"

"ಸೋಲ್ತಾರೆ. ಮಿಸ್ ಅನ್ನೋಷ್ಟು ಹೊತ್ತಲ್ಲಿ ಪಕ್ಕದವರು ಎರಡು ಹೆಜ್ಜೆ ಮುಂದೆ ಹೋಗಿರ್ತಾರೆ. ನಿಮ್ಮ ಅಪ್ಪಣೆ ಇಲ್ದೆ ಆ ಬಾಯಿ ತೆರೆಯಲ್ಲ. ಅದಕ್ಕೇ ಕೇಳಕ್ಕೆ ಬಂದೆ."

ಅಜ್ಜಿ ಅವರ ಲೋಟಕ್ಕೆ ಇನ್ನಷ್ಟು ಸಾರೆಲ್ ಹೂವಿನ ಪಾನಕ ಸುರಿದಳು. ಆಮೇಲೆ ಕೇಳಿದಳು, "ಆ ಕೋಲು ಕೊಡೋ ಜಾಗಕ್ಕೆ ಗೆರೆ ಇರತ್ತಾ?"

"ಈ ಕಡೆ ಒಂದು, ಆ ಕಡೆ ಒಂದು."

"ಸರಿ. ಆ ಎರಡು ಗೆರೆ ನಡುವೆ ಮಾತ್ರ. ಆಚೆ ಕಾಲಿಟ್ಟ ತಕ್ಷಣ ಮಿಸ್. ಕೇಳಿಸ್ತಾ, ಟಮೋಯಾ?"

ಅವರು ನಗು ತಡೆಯಲು ಮೂಳೆ ಕಚ್ಚಿಕೊಂಡರು. ನಾನು ನೋಡಿದೆ.

ಮಾರ್ಚ್ 4

ಆಯಿತು!!! ಗೆರೆ ಒಳಗೆ "ಹಿಡಿ!" ಅಂದೆ. ಕೈ ಬಂತು, ಕೋಲು ಕೂತಿತು, ಅವರು ಹೊರಟೇಹೋದರು, ಗಾಳಿ ಬೀಸಿದ ಹಾಗೆ. ಆಮೇಲೆ ನನ್ನ ಬಾಯಿ ತಾನಾಗಿ ಹಿಂದಿನಿಂದ "ಮಿಸ್!" ಅಂತ ಸೇರಿಸಿತು. ಕೋಚ್ ಮಿನಾಟ್ ಬಾಯಿಂದ ಸೀಟಿ ಬಿದ್ದುಹೋಯಿತು. ನಗುವುದಾ ಬೈಯುವುದಾ ಅಂತ ತಿಳಿಯದೆ ಅವರು ಸುಮ್ಮನೆ ಟೋಪಿ ತೆಗೆದು ತಲೆ ಕೆರೆದುಕೊಂಡರು.

ಕ್ರಿಸಾನ್‌ಗೆ ಈಗ ಅದೇ ಕೆಲಸ. ನೀರಿನ ಬಾಟಲಿ ಕೊಡುವಾಗಲೂ "ಹಿಡಿ... ಮಿಸ್!" ಅನ್ನುತ್ತಾಳೆ.

ಮಾರ್ಚ್ 20

ಗುಂಪಿನಲ್ಲಿ ಯಾವನೋ ಹೊಸಬ ಸೇರಿಕೊಂಡು ಅವರನ್ನು "ಬೆಳಗಿನ ರಾಣಿ" ಅಂದಿದ್ದಾನೆ. ಉಪಾಹಾರದ ಹೊತ್ತಿಗೆ ಓಡುವವಳು, ಪದಕ ಪುಕ್ಕಟೆ ಅಂತ. ನೂರಾರು ಜನ ನಗುವಿನ ಚಿತ್ರ ಒತ್ತಿದ್ದಾರೆ. ಅವನನ್ನು ಹೊರಗೆ ಹಾಕಿದೆ. ಆದರೂ ಮನಸ್ಸು ಸರಿಹೋಗಲಿಲ್ಲ. ಅಭ್ಯಾಸ ಮುಗಿದ ಮೇಲೆ ಬಾದಾಮಿ ಮರದ ಕೆಳಗೆ ಅವರು ಸ್ಪೈಕ್ಸ್ ಬಿಚ್ಚುತ್ತಿದ್ದರು, ಕೇಳಿಯೇ ಬಿಟ್ಟೆ.

"ಮಿಸ್ ನಾರ್ಡಿಯಾ, ನಿಮಗೆ ಕೋಪ ಬರಲ್ವಾ? ಫೈನಲ್ ಓಡಿಸ್ಲಿಲ್ಲ ಅಂತ?"

"ಮೊದಲನೇ ಸಲ ಬಂತು. ಎರಡು ದಿನ ರೂಮಿಂದ ಹೊರಗೇ ಬರ್ಲಿಲ್ಲ. ಪದಕ ತಂದು ಹೋಟೆಲಿನ ಲಿಫ್ಟ್ ಹತ್ರ ಕೊಟ್ರು. ಕೊಟ್ಟವರಿಗೆ ನನ್ನ ಹೆಸರು ಸರಿಯಾಗಿ ಬರ್ತಿರ್ಲಿಲ್ಲ."

"ಆಮೇಲೆ?"

"ಆಮೇಲೆ ಹಸಿವಾಯ್ತು, ಹೊರಗೆ ಬಂದೆ."

ನನಗೆ ನಗು ಬಂತು, ತಡೆದುಕೊಂಡೆ. ಅವಳೇ ನಕ್ಕಳು. ಆಮೇಲೆ ಕಾಲ್ಬೆರಳು ಒತ್ತಿಕೊಳ್ಳುತ್ತಾ ಹೇಳಿದಳು:

"ಬೆಳಿಗ್ಗೆ ಸ್ಟೇಡಿಯಂ ಖಾಲಿ ಇರತ್ತೆ ಕಣೆ. ಒಬ್ಬ ಕುರ್ಚಿ ಒರೆಸ್ತಿರ್ತಾನೆ. ಎಲ್ಲೋ ಒಂದ್ಕಡೆ ಯಾರ್ದೋ ಅಮ್ಮ ಬಾವುಟ ಹಿಡ್ಕೊಂಡು ಒಬ್ಳೇ ಕೂಗ್ತಿರ್ತಾಳೆ. ಹಿಂದಿನಿಂದ ಬರೋಳ ಕಾಲ್ಸಪ್ಪಳ ಕೇಳ್ಸತ್ತೆ, ಉಸಿರು ಕೇಳ್ಸತ್ತೆ. ಹಿಡಿ ಅಂದಿದ್ದು ಎದೇಲೇ ಕೇಳ್ಸತ್ತೆ. ಫೈನಲ್ ಹೇಗಿರತ್ತೋ ನಂಗೊತ್ತಿಲ್ಲ. ಬೆಳಿಗ್ಗೆ ಮಾತ್ರ ಚೆನ್ನಾಗಿರತ್ತೆ."

"ಆದ್ರೂ ಒಂದ್ಸಲ ಫೈನಲ್ ಓಡ್ಬೇಕು ಅನ್ಸಲ್ವಾ?"

"ಅನ್ಸದೆ ಏನು? ಇಲ್ಲಾಂದ್ರೆ ಈ ವಯಸ್ಸಲ್ಲಿ ನಿನ್ನ ಕೈಲಿ ಕೋಲಿನ ಏಟು ತಿನ್ನಕ್ಕೆ ಬರ್ತಿದ್ನಾ?"

ಹೋದ ವಾರ ಕೋಲು ಅವಳ ಮೊಣಕೈಗೆ ಬಿದ್ದು ನೀಲಿಗಟ್ಟಿತ್ತು, ಅದು.

ಏಪ್ರಿಲ್ 5

ನಾರ್ಡಿಯಾ ಮೀನಖಂಡಕ್ಕೆ ಐಸ್ ಇಟ್ಟುಕೊಳ್ಳದೆ ಮನೆಗೆ ಹೊರಟಿದ್ದಳು. ವಾಪಸ್ ಕರೆದು ಕೂರಿಸಿದೆ. "ಅರ್ಜೆಂಟಿದೆ" ಅಂದಳು. "ಕಾಲಿಗಿಂತ ಅರ್ಜೆಂಟಾ?" ಅಂದೆ. ಗೊಣಗಿದಳು, ಕೂತಳು.

ಗುಂಪಿನಲ್ಲಿ ನಾನೂರು ಮೆಸೇಜು ಬಂದಿವೆಯಂತೆ. ನಾಳೆ ನೋಡಿದರಾಯಿತು.

ಏಪ್ರಿಲ್ 18, ಗುಡ್ ಫ್ರೈಡೇ

ಅಭ್ಯಾಸ ಇಲ್ಲ. ಹುರಿದ ಮೀನು, ಬನ್ನು, ಚೀಸು. ಅಜ್ಜಿ ಇಡೀ ಬೀದಿಗೆ ಹಂಚುವಷ್ಟು ಬನ್ನು ತಂದಿದ್ದಾಳೆ. ನಾರ್ಡಿಯಾಗೆ ಅಂತ ಒಂದು ಬೇರೆ ತೆಗೆದಿಟ್ಟಿದ್ದಾಳೆ, ದ್ರಾಕ್ಷಿ ಜಾಸ್ತಿ ಇರುವುದನ್ನು ಆರಿಸಿ. ನನಗೆ ದ್ರಾಕ್ಷಿ ಇಲ್ಲದ ತುದಿ.

ಸುಮ್ಮನೆ ವರಾಂಡದಲ್ಲಿ ಕೂತಿದ್ದೆ. ಒಳ್ಳೆಯ ದಿನ. ಬರೆಯಲು ಏನೂ ಇಲ್ಲ.

ಏಪ್ರಿಲ್ 26, ಶನಿವಾರ

ಓಡಿದೆವು. ಮೊದಲಿನಿಂದ ಬರೆಯುತ್ತೇನೆ.

ಸ್ಟೇಡಿಯಂ ಮಧ್ಯಾಹ್ನಕ್ಕೇ ತುಂಬಿತ್ತು. ನಮ್ಮ ತಿರುವಿನ ಕಡೆ ಕೂತವರೆಲ್ಲ ಪಾತ್ರೆ ಮುಚ್ಚಳ ಬಡಿಯುವವರು, ಪೀಪಿ ಊದುವವರು. ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಆರಿಸುವವರು ಓಟ ಮುಗಿಯುವ ಗೆರೆ ಹತ್ತಿರದ ನೆರಳಿನಲ್ಲಿ, ಕಪ್ಪು ಕನ್ನಡಕ, ಕೈಯಲ್ಲಿ ಕಬ್ಬಿನ ಹಾಲು. ನಾರ್ಡಿಯಾ ತನ್ನ ಜಾಗಕ್ಕೆ ಹೋಗುವ ಮುಂಚೆ ನನ್ನ ಹತ್ತಿರ ಬಂದು, "ಇವತ್ತು ಇಷ್ಟು ಗಲಾಟೇಲಿ ಪದ ಕೇಳ್ಸಲ್ಲ. ನಿನ್ನ ದನಿ ಕೇಳ್ತೀನಿ" ಅಂದಳು. ಅವಳ ಕೈ ತಣ್ಣಗಿತ್ತು. ನಾಲ್ಕು ಪದಕದವಳ ಕೈ ತಣ್ಣಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಉಜ್ಜಿದೆ.

ಅಬಿಗೇಲ್ ಚೆನ್ನಾಗಿ ಹೊರಟಳು. ಕ್ರಿಸಾನ್ ದೆವ್ವ ಹಿಡಿದವಳ ಹಾಗೆ ಬಂದಳು, ಕೋಲು ಕೊಡುವಾಗ ಏನೋ ಬೈದಳು ಕೂಡ. ನಾನು ತಿರುವಿನಲ್ಲಿ ಓಡಿದೆ. ನನಗೂ ಪಕ್ಕದ ಲೇನಿನವಳಿಗೂ ಒಂದು ಹೆಜ್ಜೆ ವ್ಯತ್ಯಾಸ, ಅವಳು ಮುಂದೆ. ನಾನು ಮುಟ್ಟಿದ ಕೂಡಲೇ ಅವಳು ಹೊರಡಲಿ ಅಂತ ನೆಲಕ್ಕೆ ಅಂಟಿಸಿದ ಟೇಪಿನ ಗುರುತಿಗೆ ಬಂದೆ, ನಾರ್ಡಿಯಾ ಹೊರಟಳು. ಸರಿಯಾಗಿಯೇ ಹೊರಟಳು.

ಆಗ ಪಕ್ಕದವಳು "ಹಿಡಿ!" ಅಂತ ಕಿರುಚಿದಳು, ತನ್ನವಳಿಗೆ. ನಾರ್ಡಿಯಾ ಕೈ ಹಿಂದಕ್ಕೆ ಬಂದುಬಿಟ್ಟಿತು! ನಾನು ಇನ್ನೂ ದೂರ ಇದ್ದೆ. ಕೈ ಹಿಂದೆ ಚಾಚಿಕೊಂಡು ಓಡಿದರೆ ವೇಗ ಸಾಯುತ್ತದೆ. ಅವಳ ಹೆಗಲು ತಿರುಗುವುದು, ಕಾಲು ಭಾರ ಆಗುವುದು, ಎಲ್ಲ ಕಾಣುತ್ತಿತ್ತು. ಏನೋ ಕೂಗಿದೆ. ಕೈ ಮುಂದೆ ಹೋಯಿತು, ಅವಳು ಮತ್ತೆ ಓಡಿದಳು. ಮತ್ತೆ ಕೂಗಿದೆ, ಕೈ ಬಂತು. ಕೋಲು ಅದರಲ್ಲಿ ಕೂತಾಗ ಮುಂದಿನ ಗೆರೆಗೂ ನಮಗೂ ನಡುವೆ ಒಂದು ಚಾಪೆ ಹಾಸುವಷ್ಟು ಜಾಗ ಉಳಿದಿತ್ತು. ಬಿಳಿ ಬಾವುಟ. ಅಂದರೆ ಸರಿ.

ಆಮೇಲೆ ನಾನು ಸೊಂಟದ ಮೇಲೆ ಕೈಯಿಟ್ಟು ನಿಂತು ಅವಳ ಬೆನ್ನು ನೋಡಿದೆ ಅಷ್ಟೆ. ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು. ಮೊದಲಿನವಳು ಸಿಗಲಿಲ್ಲ. ಎರಡನೆಯವರು ನಾವು! ಊರೂರಿಂದ ಆರಿಸಿ ತಂದ ಹುಡುಗಿಯರಿರುವ ದೊಡ್ಡ ಕ್ಲಬ್ಬಿನ ಹಿಂದೆ, ಹುಲ್ಲಿನ ಮೈದಾನದ ನಾವು ಎರಡನೆಯವರು.

ಅವಳು ವಾಪಸ್ ನಡೆದು ಬಂದು ಎರಡೂ ಕೈ ಸೊಂಟಕ್ಕೆ ಕೊಟ್ಟು ನಿಂತಳು.

"ಏನಂದೆ ನಂಗೆ?"

"ಹಿಡಿ ಅಂದೆ."

"ಅದಕ್ಕೆ ಮುಂಚೆ."

"ಏನೂ ಇಲ್ಲ."

"'ಈಗಲ್ಲ, ಓಡೇ!' ಅಂದೆ. ಓಡೇ ಅಂತೆ! ಆಮೇಲೆ 'ಹಿಡಿಯೇ!' ನಮ್ಮಮ್ಮ ಬಿಟ್ರೆ ನನ್ನ ಹಾಗೆ ಕರೆದವರು ಯಾರೂ ಇಲ್ಲ."

ಕ್ರಿಸಾನ್ ಫೋನು ಹೊರಗೆ ತೆಗೆದಳು. "ಮಿಸ್ ಪರ್ಲೀನ್‌ಗೆ ಈಗ್ಲೇ ಹೇಳ್ಬಿಡ್ತೀನಿ. ಚಪ್ಪಲಿ ಬಿಸಿ ಮಾಡಿಟ್ಕೊಳ್ಳಿ ಅಂತ."

"ಹೇಳ್ಬೇಡ," ಅಂದಳು ನಾರ್ಡಿಯಾ. "ಅದು ಎರಡು ಗೆರೆ ನಡುವೆ ಆಗಿದ್ದು."

ನಾನಂತೂ ಹಾಗೆ ಅಂದಿಲ್ಲ. ಅಷ್ಟು ಗಲಾಟೆಯಲ್ಲಿ ಅವಳಿಗೆ ಏನೋ ಕೇಳಿಸಿದೆ.

ಮೇ 3, ಶನಿವಾರ

ಪಟ್ಟಿ ಬಂತು. ಆರು ಹೆಸರು, ಐದನೆಯದು ನಾರ್ಡಿಯಾ ಫೇಸಿ! ಕೋಚ್ ಮಿನಾಟ್ ಗಟ್ಟಿಯಾಗಿ ಓದಿ, ಎರಡನೆಯ ಸಲವೂ ಓದಿದರು. ಅಬಿಗೇಲ್ ಅತ್ತಳು. ಆಮೇಲೆ ನಾರ್ಡಿಯಾಗೆ ತಂಡದ ಮ್ಯಾನೇಜರ್ ಫೋನು. ಅವಳು ಮರದ ಆ ಕಡೆ ಹೋಗಿ ಮಾತಾಡಿ ಬಂದು, ಚೀಲದಿಂದ ಜೂಲಿ ಮಾವಿನಹಣ್ಣು ತೆಗೆದು, ಅಂಗಿಗೆ ಸೋರದ ಹಾಗೆ ಮುಂದೆ ಬಾಗಿ ಕಚ್ಚಿದಳು.

"ಏನಂದ್ರು?" ಅಂದಳು ಕ್ರಿಸಾನ್.

"ಹೀಟ್ಸ್. ಮೂರನೇ ಜಾಗ, ತಿರುವು. ಸಂಜೆಗೆ ನಾಲ್ಕು ಜನ ಆಗ್ಲೇ ನಿಗದಿ ಆಗಿದಾರಂತೆ. ಯಾರಿಗಾದ್ರೂ ಕಾಲು ಹಿಡಿದ್ರೆ ನೋಡೋಣ ಅಂದ್ರು."

"ಮತ್ತೆ ಬೆಳಿಗ್ಗೇನಾ! ಬೇಡ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ಬೇಕಿತ್ತು!"

"ಬರ್ತೀನಿ ಅಂದೆ."

"ಯಾಕೆ?"

"ಓಡ್ಬೇಕು ಅಂತ." ಗೊರಟೆ ಚೀಪುತ್ತಾ ಅಂದಳು. "ಒಂಚೂರು ಬೇಜಾರಾಯ್ತು. ಇಲ್ಲ ಅನ್ನಲ್ಲ. ಈ ಹಣ್ಣು ಮುಗಿಯೋವರೆಗೆ ಇರತ್ತೆ."

ನನಗೆ ಕೇಳಬೇಕಾದದ್ದು ಒಂದೇ ಇತ್ತು. "ನಿಂಗೆ ಕೋಲು ಕೊಡೋಳು ಯಾರು?"

"ಮಾಂಟೆಗೋ ಬೇ ಕಡೆ ಹುಡುಗಿ. ಹತ್ತೊಂಬತ್ತು ವರ್ಷ. ನನ್ನ ಆಂಟಿ ಅಂತಾಳೆ."

"ಅಯ್ಯೋ ದೇವರೇ. ಅವಳ ನಂಬರ್ ಕೊಡು."

ಸಂಜೆ ಅವಳಿಗೆ ಫೋನ್ ಮಾಡಿದೆ. ಒಳ್ಳೆಯ ಹುಡುಗಿ, ಸ್ವಲ್ಪ ಹೆದರುಪುಕ್ಕಿ. ಅರ್ಧ ಗಂಟೆ ಮಾತಾಡಿದೆವು. ಮನೆಯಲ್ಲಿ ಅಜ್ಜಿ ಇದ್ದಾಳಾ ಅಂತ ಮೊದಲು ಕೇಳಿದೆ.

ಆಮೇಲೆ ಗುಂಪು ತೆರೆದೆ. ಉರಿಯುತ್ತಿತ್ತು. ಇದು ಅವಮಾನ, ಐದನೆಯ ಸಲ ಅವಮಾನ, ಅವರು ಹೋಗಬಾರದು, ಸಹಿ ಸಂಗ್ರಹಿಸೋಣ, ಅಡ್ಮಿನ್ ಎಲ್ಲಿ ಸತ್ತಳು, ಅಡ್ಮಿನ್ ಮಾತಾಡಲಿ. ಬಹಳ ಉದ್ದ ಬರೆದೆ, ಕೋಚ್ ನೆನಪಾಗಿ ಅಳಿಸಿದೆ. ಅವರು ಒಪ್ಪಿದ ದಿನ ಈ ನೋಟ್‌ಬುಕ್ಕಿನಿಂದ ನೋಡಿಕೊಂಡು ಇಷ್ಟನ್ನು ಹಾಕುತ್ತೇನೆ: ಅಡ್ಮಿನ್ ಬದುಕಿದ್ದಾಳೆ. ಇವತ್ತು ತಿರುವಿನಲ್ಲಿ ಎಂಟು ಸುತ್ತು ಓಡಿ ಬಂದಿದ್ದಾಳೆ. ಅವಳು ಸಹಿ ಮಾಡುವುದಿಲ್ಲ. ನಾರ್ಡಿಯಾ ಹೋಗುತ್ತಾಳೆ, ಕುರ್ಚಿ ಒರೆಸುವವನ ಮುಂದೆ ಓಡುತ್ತಾಳೆ, ನೀವು ಇಲ್ಲಿ ಮಲಗಿರುತ್ತೀರಿ. ಪಾಪ ಅನ್ನುವವರೆಲ್ಲ ಒಂದು ಮಾತು ಹೇಳಿ: ಆ ನಾಲ್ಕು ಬೆಳಗಿನಲ್ಲಿ ಒಂದೇ ಒಂದು ಬೆಳಿಗ್ಗೆ ಕೋಲು ಅವಳ ಕೈಯಿಂದ ನೆಲಕ್ಕೆ ಬಿದ್ದಿದ್ದರೆ, ಆ ಸಂಜೆ ನೀವು ಯಾರ ಹೆಸರು ಕೂಗುತ್ತಿದ್ದಿರಿ?